ಮೆಟ್‌ಫಾರ್ಮಿನ್ ಔಷಧದ ದೀರ್ಘಸೇವನೆ ಮತ್ತು ನರಗಳ ಮೇಲೆ ಅದರ ಪರಿಣಾಮ

ಮಧುಮೇಹವು ಸಾಮಾನ್ಯವಾಗಿ ಜೀವಮಾನವೆಲ್ಲ ಹತೋಟಿಯಲ್ಲಿಡಬೇಕಾದ ರೋಗ. ಆದುದರಿಂದ ಅದರ ಔಷಧಗಳನ್ನು ವರ್ಷಾನುಗಟ್ಟಲೆ ಸೇವಿಸಬೇಕಾಗುತ್ತದೆ. ಹೀಗೆ ಸೇವಿಸಿದ ಔಷಧವು ದೇಹದಲ್ಲಿ ಬೇರೆ ಯಾವ ವ್ಯತ್ಯಾಸಗಳನ್ನುಂಟುಮಾಡುತ್ತದೆಂಬುದು ವಿಚಾರಾರ್ಹವಾದ ಪ್ರಶ್ನೆ. ಇವುಗಳಲ್ಲಿ ಬಹಳ ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಒಂದನ್ನೇ ನಾವಿಲ್ಲಿ ಆರಿಸಿಕೊಂಡಿದ್ದೇವೆ.

ಮಧುಮೇಹದಲ್ಲಿ ಇದರ ಉಪಯೋಗವನ್ನು ಫ್ರಾನ್ಸಿನ ವೈದ್ಯರಾದ ಝಾನ್ ಸ್ಟೆರ್ನ್ ಅವರು ೧೯೫೭ರಲ್ಲಿ ಪ್ರಕಟಿಸಿದರು. ಯಕೃತ್ತಿನಲ್ಲಿ ಸಕ್ಕರೆಯ ಉತ್ಪತ್ತಿಯನ್ನು ತಗ್ಗಿಸುವುದು ಇದರ ಮುಖ್ಯ ಕಾರ್ಯ. ಆರಂಭದಲ್ಲಿ ಕಾಣುವ ವಾಕರಿಕೆ, ಭೇದಿಗಳು ರೋಗಿಗೆ ಕೂಡಲೇ ತಿಳಿಯುತ್ತವೆ. ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಶಮನವಾಗುತ್ತವೆ. ತಿಳಿಯದಂತೆ ಮೆಲ್ಲನೆ ಬರುವುದು ಬಿ-೧೨ ಜೀವಸತ್ವದ ಕೊರತೆ.

ಈ ಜೀವಸತ್ವವು ಜಠರದಲ್ಲಿ ಸ್ರವಿಸುವ ಒಂದು ಪ್ರೋಟೀನಿನೊಡನೆ ಕೂಡಿ, ಸಣ್ಣಕರುಳಿನ ಕೊನೆಯ ಭಾಗದಲ್ಲಿ, ಕ್ಯಾಲ್ಸಿಯಂ ನೆರವಿನಿಂದ ಹೀರಲ್ಪಡುತ್ತದೆ. ಮೆಟ್‌ಫಾರ್ಮಿನ್ ಈ ಕ್ರಿಯೆಗೆ ಅಡ್ಡಬರುವುದೆಂದು ವಿದ್ವಾಂಸರು ಭಾವಿಸುತ್ತಾರೆ. ಯಕೃತ್ತಿನ ಸಂಗ್ರಹವು ಕೆಲವು ವರ್ಷಗಳಿಗೆ ಸಾಲುವುದರಿಂದ ಕೊರತೆಯು ತಡವಾಗಿ ತಲೆದೋರುತ್ತದೆ. ಮಾತ್ರೆಯ ಪ್ರಮಾಣವೂ ಸೇವನೆಯ ಅವಧಿಯೂ ಹೆಚ್ಚಿದಷ್ಟು ಅಪಾಯವೂ ಹೆಚ್ಚು.

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ರಾಗಿಮುದ್ದೆ, ಅವರೆಕಾಳು, ಸೊಪ್ಪಿನ ಸಾರು ಈ ಸೀಮೆಯ ಊಟ. ರಾಗಿಯಲ್ಲಿ ಸುಣ್ಣದ ಅಂಶವು ಧಾರಾಳವಾಗಿದೆ. ಆದರೆ ಧಾನ್ಯ, ಕಾಳು, ಸೊಪ್ಪುಗಳಲ್ಲಿ ಬಿ-೧೨ ಇಲ್ಲ. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದ ದೊರೆಯತಕ್ಕದ್ದು. ಮಾಂಸವನ್ನು ತಿನ್ನದವರಲ್ಲಿಯೂ, ಕರೆದ ಹಾಲನ್ನೆಲ್ಲ ಡೈರಿಗೆ ಹಾಕುವ ಮನೆಗಳಲ್ಲಿಯೂ ಸಂಗ್ರಹವು ಮೊದಲೇ ಅಲ್ಪವಾಗಿರಬಹುದು.

ಕೊರತೆಯ ಲಕ್ಷಣಗಳು ಆಯಾಸ, ಪಾದಗಳಲ್ಲಿ ಜೋಮು, ಉರಿ, ಸ್ಪರ್ಶಜ್ಞಾನದ ಕುಂದು. ಮಧುಮೇಹದಿಂದಾಗುವ ನರಹಾನಿಯ ಲಕ್ಷಣಗಳೂ ಹೆಚ್ಚುಕಡಮೆ ಇವೇ. ಆದುದರಿಂದ ಎಲ್ಲವನ್ನೂ ಸಕ್ಕರೆ ಕಾಯಿಲೆಯ ತಲೆಗೇ ಕಟ್ಟಿ ಸುಮ್ಮನಾಗುವುದುಂಟು. ಹಿಪ್ಪುನೇರಳೆ ತೋಟದಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ಕತ್ತರಿಸಿದ ಕಡ್ಡಿಯ ಮೊನೆ ಚುಚ್ಚಿದರೂ ಅರಿವಾಗದಿದ್ದಲ್ಲಿ, ಗಾಯವು ಹುಣ್ಣಾಗಿ ಕಾಲನ್ನೇ ಕಳೆದುಕೊಳ್ಳುವ ಪ್ರಸಂಗವೂ ಬರಬಹುದು. ಕೊರತೆಯಿಂದಾದ ನರಹಾನಿಯು ಬೇಗ ಪತ್ತೆಯಾದರೆ ಬಹುಮಟ್ಟಿಗೆ ಸರಿಹೋಗುತ್ತದೆ. ತಡವಾದರೆ ಶಾಶ್ವತವಾಗಿ ನಿಲ್ಲಬಹುದು. ಬರಿಯ ಫೋಲಿಕ್ ಆಮ್ಲದ ಮಾತ್ರೆಯು ರಕ್ತಹೀನತೆಯನ್ನು ಮರೆಮಾಡೀತೇ ಹೊರತು ನರಹಾನಿಯನ್ನು ತಡೆಯದು.

ಹಾಗೆಂದು ಔಷಧವನ್ನು ತಾನಾಗಿ ನಿಲ್ಲಿಸಕೂಡದು. ಸಕ್ಕರೆಯು ಹತೋಟಿ ಮೀರಿದರೆ ಕಣ್ಣು, ಮೂತ್ರಪಿಂಡ, ನರಗಳಿಗೆ ಆಗುವ ಹಾನಿ ಇದಕ್ಕಿಂತ ದೊಡ್ಡದು. ಬಿ-೧೨ ಇಳಿಕೆಯು ಈ ಔಷಧದ ಸಾಮಾನ್ಯ ಅಡ್ಡಪರಿಣಾಮವೆಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು ೨೦೨೨ರಲ್ಲಿ ಸಾರಿ, ಲಕ್ಷಣವುಳ್ಳವರ ರಕ್ತವನ್ನು ಪರೀಕ್ಷಿಸಬೇಕೆಂದೂ, ಅಪಾಯಕ್ಕೆ ಪಕ್ಕಾಗುವವರನ್ನು ಆಗಾಗ ಪರೀಕ್ಷಿಸುವುದು ಯುಕ್ತವೆಂದೂ ಸೂಚಿಸಿತು. ಕೊರತೆಯು ಕಂಡುಬಂದಲ್ಲಿ ಮಾತ್ರೆ ಅಥವಾ ಚುಚ್ಚುಮದ್ದಿನಿಂದ ಅದನ್ನು ತುಂಬಿ, ಮೆಟ್‌ಫಾರ್ಮಿನ್ನನ್ನು ಸಾಮಾನ್ಯವಾಗಿ ಮುಂದುವರಿಸಬಹುದು. ವರ್ಷಗಳಿಂದ ಈ ಮಾತ್ರೆಯನ್ನು ನುಂಗುತ್ತಿರುವ ಹಿರಿಯರು ಮನೆಯಲ್ಲಿದ್ದರೆ, ಅವರ ಪಾದಗಳ ಸ್ಥಿತಿಯನ್ನು ವಿಚಾರಿಸಿ ವೈದ್ಯರಿಗೆ ತಿಳಿಸುವುದು ವಿದ್ಯಾವಂತರಾದವರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.