ಒಂದು ತಂತಿಯಿಂದ ಎಂಟು ತಂತಿಗೆ

ಎಸ್‌ಡಿ ಕಾರ್ಡಿನ ಒಂಬತ್ತು ಪಿನ್ನುಗಳಲ್ಲಿ ನಾಲ್ಕು ಇರುವುದು ದತ್ತಾಂಶ ಸಾಗಿಸಲೆಂದೇ. ಆದರೂ ಕರೆಂಟು ಬಂದೊಡನೆ ಕಾರ್ಡು ಬಳಸುವುದು ಒಂದನ್ನೇ, ಅದೂ 400 ಕಿಲೋಹರ್ಟ್ಸ್ ಮೀರದ ವೇಗದಲ್ಲಿ. ಇದಕ್ಕೆ ಕಾರಣ ಹಿರಿಯಣ್ಣ ಎಂಎಂಸಿ. 1997ರಲ್ಲಿ ಬಂದ ಆ ಕಾರ್ಡಿಗೆ ಇದ್ದದ್ದು ಒಂದೇ ದತ್ತಾಂಶ ತಂತಿ. ಒಂದೇ ಸ್ಲಾಟಿನಲ್ಲಿ ಎರಡೂ ಬಗೆಯ ಕಾರ್ಡುಗಳು ನಡೆಯಬೇಕಿದ್ದರೆ ಮೊದಲ ಪರಿಚಯ ಒಂದು ತಂತಿಯಲ್ಲೇ ಆಗಬೇಕು.

ಉಳಿದ ತಂತಿಗಳನ್ನು ಕೆಲಸಕ್ಕೆ ಹಚ್ಚುವುದು ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್‌ನಲ್ಲಿರುವ ಡ್ರೈವರ್. ಲಾಭ ಸಣ್ಣದಲ್ಲ: 25 ಮೆಗಾಹರ್ಟ್ಸ್‌ನಲ್ಲಿ ಒಂದು ತಂತಿ ಸೆಕೆಂಡಿಗೆ ಸುಮಾರು 3 ಮೆಗಾಬೈಟ್ ಸಾಗಿಸಿದರೆ ನಾಲ್ಕು ತಂತಿಗಳು 12.5 ಮೆಗಾಬೈಟ್ ಸಾಗಿಸುತ್ತವೆ. ಲಿನಕ್ಸ್‌ನಲ್ಲಿ ಈ ವಿಭಾಗಕ್ಕೆ ಅಡಿಪಾಯ ಹಾಕಿದವರು ರಸೆಲ್ ಕಿಂಗ್. 2005ರಿಂದ ಪಿಯರ್ ಒಸ್ಮನ್ ಅದನ್ನು ಬೆಳೆಸಿದರು.

ಡ್ರೈವರ್ ಮೊದಲು ಕಾರ್ಡಿನ ರಿಜಿಸ್ಟರ್ ಓದಿ, ನಾಲ್ಕು ತಂತಿ ಬಳಸಲು ಅದಕ್ಕೆ ಬರುತ್ತದೆಯೇ ಎಂದು ತಿಳಿಯುತ್ತದೆ. ಬರುವುದಾದರೆ ಅಗಲ, ಅಂದರೆ ಬಳಸುವ ತಂತಿಗಳ ಸಂಖ್ಯೆ, ಬದಲಿಸುವಂತೆ ಕಾರ್ಡಿಗೆ ಆದೇಶ ಕೊಡುತ್ತದೆ. ಆಮೇಲೆ ಕಾರ್ಡಿನೊಡನೆ ಮಾತಾಡುವ ಇತ್ತಕಡೆಯ ಚಿಪ್ಪಾದ ಕಂಟ್ರೋಲರನ್ನೂ ಅದೇ ಅಗಲಕ್ಕೆ ತರುತ್ತದೆ. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಒಂದು ಉಳಿದರೆ ಓದಿದ ದತ್ತಾಂಶಕ್ಕೆ ಅರ್ಥವೇ ಇರುವುದಿಲ್ಲ.

ನಿಜವಾದ ತೊಡಕು ಬೇರೆ ಇದೆ. ಫೋನಿನೊಳಗೆ ಬೋರ್ಡಿಗೇ ಬೆಸೆದಿರುವ ಎಂಎಂಸಿ ವಂಶದ ಇಎಂಎಂಸಿ ಚಿಪ್ಪಿಗೂ ಕಂಟ್ರೋಲರಿಗೂ ಎಂಟು ತಂತಿಗಳ ಶಕ್ತಿ ಇರಬಹುದು; ಬೋರ್ಡು ಮಾಡಿದವರು ನಾಲ್ಕನ್ನೇ ಎಳೆದಿರಬಹುದು. ತಾಮ್ರದ ಗೆರೆ ಇದೆಯೋ ಇಲ್ಲವೋ ಎಂದು ಸಾಫ್ಟ್‌ವೇರಿಗೆ ಕಾಣುವುದಿಲ್ಲ. ಇದಕ್ಕೆ ಕಂಡುಕೊಂಡ ಪರಿಹಾರ ನನಗೆ ಬಹಳ ಸೊಗಸಾಗಿ ಕಾಣುತ್ತದೆ. ಡ್ರೈವರ್ ಪ್ರತಿ ತಂತಿಯಲ್ಲೂ ಒಂದು ಗೊತ್ತಾದ ವಿನ್ಯಾಸ ಕಳಿಸುತ್ತದೆ, ಚಿಪ್ಪು ಅದರ ಸೊನ್ನೆಗಳನ್ನು ಒಂದಾಗಿ, ಒಂದುಗಳನ್ನು ಸೊನ್ನೆಯಾಗಿ ತಿರುಗಿಸಿ ಮರಳಿಸುತ್ತದೆ. ತಂತಿ ಕಡಿದಿದ್ದರೆ ಉತ್ತರ ಹೊಂದುವುದಿಲ್ಲ. ಈ ಪರೀಕ್ಷೆಯ ಅನುಕೂಲವಿಲ್ಲದ ಕಂಟ್ರೋಲರಾದರೆ, ಒಂದು ತಂತಿಯಲ್ಲಿ ಮೊದಲೇ ಓದಿಟ್ಟ ಚಿಪ್ಪಿನ ವಿವರಗಳನ್ನು ಹೊಸ ಅಗಲದಲ್ಲಿ ಮತ್ತೆ ಓದಿ, ಬದಲಾಗಬಾರದ ಭಾಗಗಳನ್ನು ಹೋಲಿಸಿ ನೋಡುತ್ತದೆ. ಎಂಟರಲ್ಲಿ ತಾಳೆಯಾಗದಿದ್ದರೆ ನಾಲ್ಕಕ್ಕೆ ಇಳಿಯುತ್ತದೆ.

ಎಸ್‌ಡಿ ಕಾರ್ಡುಗಳಿಗೆ ಈ ಪರೀಕ್ಷೆ ಇಲ್ಲ. ಎಷ್ಟು ತಂತಿ ಎಳೆದಿದೆ ಎಂಬುದನ್ನು ಬೋರ್ಡಿನ ವಿವರಣೆಯಾದ ಡಿವೈಸ್ ಟ್ರೀ ಕಡತದಲ್ಲಿ ಮನುಷ್ಯರೇ ಬರೆಯಬೇಕು. ಅಲ್ಲಿ ಎಳೆದದ್ದಕ್ಕಿಂತ ಹೆಚ್ಚಿನ ಅಂಕಿ ಬಿದ್ದರೆ ಕಾರ್ಡಿನ ಗುರುತು ಸರಿಯಾಗಿ ಸಿಗುತ್ತದೆ, ಆದರೆ ಮೊದಲ ದೊಡ್ಡ ಓದಿನಲ್ಲೇ ದತ್ತಾಂಶ ಕೆಟ್ಟಿದೆ ಎನ್ನುವ ಸಿಆರ್‌ಸಿ ದೋಷಗಳು ಸುರಿಯುತ್ತವೆ. ಹೊಸ ಬೋರ್ಡಿನಲ್ಲಿ ಹೀಗಾದರೆ ಕಾರ್ಡನ್ನು ಬದಲಿಸುವ ಮೊದಲು ಆ ಅಂಕಿಯನ್ನು 1ಕ್ಕೆ ಇಳಿಸಿ ನೋಡುವುದು ಒಳ್ಳೆಯದು.