ಪ್ರದರ್ಶನದ ಪಾರಿವಾಳಗಳ ತಳಿರಕ್ಷಣೆ

ಶಿಕಾರಿಪುರ, ಸೊರಬ ಸೀಮೆಗಳ ಹಿಡುವಳಿದಾರರಿಗೂ ಗ್ರಾಮಪ್ರಮುಖರಿಗೂ ತಿಳಿಯಪಡಿಸುವುದೇನೆಂದರೆ:

ಬಾಲವನ್ನು ಬೀಸಣಿಗೆಯಂತೆ ಹರಡುವ ಲಕ್ಕಾ, ನೆಲದ ಮೇಲೆ ಉರುಳುವ ಲೋಟನ್ ಮೊದಲಾದ ಪಾರಿವಾಳಗಳನ್ನು ಹಣ ತೆತ್ತು ತಂದವರು, ಕೆಲವು ವರ್ಷಗಳಲ್ಲಿ ಅವುಗಳ ಸಂತತಿಯು ಗುಡಿಯ ಪಾರಿವಾಳಗಳಂತಾಯಿತೆಂದು ವ್ಯಸನಪಡುವುದುಂಟು. ಇದು ನೀರು ಗಾಳಿಗಳ ದೋಷವಲ್ಲ, ಬೆರಕೆಯ ಫಲ. ಸಾಕುವ ಪಾರಿವಾಳಗಳೆಲ್ಲವೂ ಬಂಡೆಗಳಲ್ಲಿ ವಾಸಿಸುವ ಒಂದೇ ಕಾಡು ಪಾರಿವಾಳದಿಂದ ಹುಟ್ಟಿದುವೆಂದು ಚಾರ್ಲ್ಸ್ ಡಾರ್ವಿನ್ ಎಂಬ ಆಂಗ್ಲ ವಿದ್ವಾಂಸರು 1859ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದರು. ಭಿನ್ನ ತಳಿಗಳನ್ನು ಕೂಡಿಸಿದಾಗ, ಮೂಲದ ಬೂದುನೀಲಿ ಬಣ್ಣವೂ ರೆಕ್ಕೆಯ ಎರಡು ಕಪ್ಪು ಪಟ್ಟೆಗಳೂ ಸಂತತಿಯಲ್ಲಿ ಮರಳಿ ತೋರಿದುದನ್ನು ಅವರು ಕಂಡರು.

ಆದುದರಿಂದ ಒಂದೇ ತಳಿಯ ಜೋಡಿಯನ್ನು ಜಾಲರಿಯ ಗೂಡಿನಲ್ಲಿ ಪ್ರತ್ಯೇಕವಾಗಿಟ್ಟು, ಮರಿ ಮಾಡುವ ಕಾಲದಲ್ಲಿ ಹೊರಗೆ ಬಿಡದಿರತಕ್ಕದ್ದು. ಮರಿಗಳ ಕಾಲಿಗೆ ಬಳೆ ತೊಡಿಸಿ, ತಾಯಿತಂದೆಗಳ ಗುರುತನ್ನು ಬರೆದಿಡತಕ್ಕದ್ದು.

ಹೆಣ್ಣು ಸಾಮಾನ್ಯವಾಗಿ 2 ಮೊಟ್ಟೆಗಳನ್ನಿಡುವುದು. ಗಂಡೂ ಹೆಣ್ಣೂ ಸರದಿಯಿಂದ ಸುಮಾರು 18 ದಿವಸ ಕಾವು ಕೊಡುವುವು. ಮೊದಲ ದಿನಗಳಲ್ಲಿ ತಂದೆತಾಯಿಗಳಿಬ್ಬರ ಗಂಟಲಚೀಲದಲ್ಲಿಯೂ ಉಂಟಾಗುವ ಹಾಲಿನಂತಹ ಪದಾರ್ಥವೇ ಮರಿಗಳಿಗೆ ಆಹಾರ. ಆ ಕಾಲದಲ್ಲಿ ಜೋಡಿಯನ್ನು ಅಗಲಿಸಕೂಡದು.

ಮಳೆಗಾಲದ ತೇವವು ಪಾರಿವಾಳಗಳಿಗೆ ಹಾನಿಕರ. ಗೂಡನ್ನು ನೆಲದಿಂದ ಎತ್ತರದಲ್ಲಿ, ಎರಚಲು ಬೀಳದಂತೆ ಕಟ್ಟಿ, ಒಳಗಿನ ಹುಲ್ಲನ್ನು ಆಗಾಗ್ಗೆ ಬದಲಾಯಿಸತಕ್ಕದ್ದು. ಬೂಸಲು ಹಿಡಿದ ಕಾಳನ್ನು ಎಂದಿಗೂ ಹಾಕಬಾರದು. ಗುಡಿಸಿದ ಹಿಕ್ಕೆಯನ್ನು ತಿಪ್ಪೆಯಲ್ಲಿ ಕೊಳೆಯಿಸಿದರೆ ತೋಟಕ್ಕೆ ಒಳ್ಳೆಯ ಗೊಬ್ಬರವಾಗುವುದು.

ಬೆರಕೆಯ ಮರಿಯನ್ನು, ನೋಡಲು ಅಂದವಾಗಿದ್ದರೂ, ತಳಿಗೆ ಇಟ್ಟುಕೊಳ್ಳಬಾರದು. ಹೊಸ ಜೋಡಿಯನ್ನು ಕೊಳ್ಳುವ ವೆಚ್ಚಕ್ಕಿಂತ ಇರುವ ಜೋಡಿಯನ್ನು ಕಾಪಾಡುವ ಶ್ರಮವು ಅಲ್ಪವೆಂಬುದನ್ನು ರೈತ ಮಹಾಶಯರು ಮನಗಾಣಬೇಕು.