ಬಸ್ಸಿನ ಹೊಗೆ, ಬಸ್ಸಿಗೆ ಕಾಯುವ ಹೊತ್ತು

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಅಡಗಿದೆ. ಬೆಂಗಳೂರಿನ ಎ.ಸಿ. ಇಲ್ಲದ ಮಾಮೂಲಿ ಸಿಟಿ ಬಸ್ಸು ಅಷ್ಟನ್ನು ಸುಟ್ಟು ಸುಮಾರು ನಾಲ್ಕು ಕಿ.ಮೀ. ಓಡುತ್ತದೆ. ಅಷ್ಟೇ ಉದ್ದದ, ಅಷ್ಟೇ ಜನ ಹಿಡಿಸುವ ಎಲೆಕ್ಟ್ರಿಕ್ ಬಸ್ಸಿಗೆ ಆ ನಾಲ್ಕು ಕಿ.ಮೀ.ಗೆ ನಾಲ್ಕೈದು ಯೂನಿಟ್ ಸಾಕು. ಡೀಸೆಲ್ ಬಸ್ಸಿನಲ್ಲಿ ಮಿಕ್ಕ ಶಕ್ತಿಯ ಬಹುಪಾಲು ರೇಡಿಯೇಟರ್‌ನಲ್ಲಿ, ಸೈಲೆನ್ಸರ್‌ನಲ್ಲಿ ಬರಿ ಬಿಸಿಯಾಗಿ ಹೊರಟುಹೋಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗಲೂ ಎಂಜಿನ್ ಗುರುಗುಟ್ಟುತ್ತ ಎಣ್ಣೆ ಕುಡಿಯುತ್ತಲೇ ಇರುತ್ತದೆ. ಇಷ್ಟು ಸಾಲದೆಂಬಂತೆ ಬ್ರೇಕ್ ಬೇರೆ.

ಜನ ತುಂಬಿದ 16 ಟನ್‌ನ ಬಸ್ಸು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಅದರ ಚಲನಶಕ್ತಿ ಕಾಲು ಯೂನಿಟ್‌ಗಿಂತ ಒಂದಿಷ್ಟು ಹೆಚ್ಚು. ಮುಂದಿನ ಸ್ಟಾಪ್ ಬಂತು, ಡ್ರೈವರ್ ಬ್ರೇಕ್ ತುಳಿದರು, ಆ ಕಾಲು ಯೂನಿಟ್ ಅಷ್ಟೂ ಡ್ರಮ್ಮಿನ ಬಿಸಿಯಾಗಿ ಹೋಯಿತು. ಐನೂರು ಮೀಟರ್‌ಗೊಂದು ಸ್ಟಾಪ್, ನಡುನಡುವೆ ಸಿಗ್ನಲ್, ಹಂಪ್, ಅಡ್ಡ ಬರುವ ಆಟೊ. ದಿನವಿಡೀ ಇದೇ ಕಥೆ. ಎಲೆಕ್ಟ್ರಿಕ್ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕರೆ ಡ್ರೈವರ್ ಎದುರಿನ ಪರದೆಯನ್ನು ಗಮನಿಸಿ. ಅವರು ಪೆಡಲ್‌ನಿಂದ ಕಾಲು ತೆಗೆದೊಡನೆ ಮುಳ್ಳು ಸೊನ್ನೆ ದಾಟಿ ಹಿಂದಕ್ಕೆ ಹೊರಳುತ್ತದೆ. ಆ ಕ್ಷಣದಿಂದ ಮೋಟಾರು ಜನರೇಟರ್ ಆಗಿದೆ. ಚಕ್ರಗಳೇ ಅದನ್ನು ತಿರುಗಿಸುತ್ತಿವೆ, ಬ್ಯಾಟರಿಗೆ ವಿದ್ಯುತ್ ಮರಳುತ್ತಿದೆ. ಎಲ್ಲವೂ ವಾಪಸು ಬರುವುದಿಲ್ಲ, ಆದರೆ ಪದೇ ಪದೇ ನಿಂತು ಹೊರಡುವ ನಗರದ ಬಸ್ಸಿನಲ್ಲಿ ಬಂದಷ್ಟೂ ದೊಡ್ಡ ಉಳಿತಾಯ. ಮೆಟ್ರೊ ರೈಲು ಮಾಡುವುದೂ ಇದನ್ನೇ. ಒಂದು ರೈಲು ನಿಲ್ಲುವಾಗ ಹುಟ್ಟುವ ವಿದ್ಯುತ್ತನ್ನು ಹತ್ತಿರದಲ್ಲೇ ಹೊರಡುತ್ತಿರುವ ಇನ್ನೊಂದು ರೈಲು ಎಳೆದುಕೊಳ್ಳುತ್ತದೆ. ದೆಹಲಿ ಮೆಟ್ರೊ ಈ ಉಳಿತಾಯವನ್ನು ಲೆಕ್ಕವಿಟ್ಟು 2007ರಲ್ಲಿ ವಿಶ್ವಸಂಸ್ಥೆಯ ಕಾರ್ಬನ್ ಕ್ರೆಡಿಟ್ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡಿತು.

ಹಾಗಾದರೆ ಎಲೆಕ್ಟ್ರಿಕ್ ಬಸ್ಸು ಇಂಗಾಲದ ಹೊರೆಯನ್ನು ಅರ್ಧಕ್ಕೆ ಇಳಿಸಿತೇ? ಇಲ್ಲಿ ಅವಸರ ಬೇಡ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಕಾರ್ಬನ್ ಡೈ ಆಕ್ಸೈಡ್ ಹೊರಬರುತ್ತದೆ. ಲೀಟರ್‌ಗೆ ನಾಲ್ಕು ಕಿ.ಮೀ. ಎಂದರೆ ಕಿ.ಮೀ.ಗೆ ಸುಮಾರು 670 ಗ್ರಾಂ. ಕಚ್ಚಾ ತೈಲವನ್ನು ಎತ್ತಿ, ಸಾಗಿಸಿ, ಸಂಸ್ಕರಿಸುವ ಖರ್ಚನ್ನೂ ಸೇರಿಸಿದರೆ ಇನ್ನೂ ಐದನೇ ಒಂದು ಪಾಲು ಜಾಸ್ತಿ, ಅಂದರೆ 800 ಗ್ರಾಂ ಆಸುಪಾಸು. ನಮ್ಮ ದೇಶದ ವಿದ್ಯುತ್ ಇನ್ನೂ ಹೆಚ್ಚಾಗಿ ಕಲ್ಲಿದ್ದಲಿನದು. ಜಾಲದಿಂದ ಒಂದು ಯೂನಿಟ್ ಪಡೆದರೆ ಎಲ್ಲೋ ಒಂದು ಚಿಮಣಿಯಿಂದ ಸರಾಸರಿ 700 ಗ್ರಾಂಗಿಂತ ತುಸು ಹೆಚ್ಚು ಕಾರ್ಬನ್ ಡೈ ಆಕ್ಸೈಡ್ ಹೊರಬಿದ್ದಿರುತ್ತದೆ. ಕಿ.ಮೀ.ಗೆ ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಬಳಸುವ ಎಲೆಕ್ಟ್ರಿಕ್ ಬಸ್ಸೂ ಹೀಗೆ 800 ಗ್ರಾಂ ಆಸುಪಾಸಿಗೇ ಬಂದು ನಿಲ್ಲುತ್ತದೆ. ಎ.ಸಿ. ಡೀಸೆಲ್ ಬಸ್ಸಿನ ಜೊತೆ ಹೋಲಿಸಿದರೆ ಲಾಭ ಸ್ಪಷ್ಟ. ಎ.ಸಿ. ಇಲ್ಲದ, ಚೆನ್ನಾಗಿ ಮೈಲೇಜ್ ಕೊಡುವ ಡೀಸೆಲ್ ಬಸ್ಸಿನ ಜೊತೆ ಹೋಲಿಸಿದರೆ ಇವತ್ತಿನ ಮಟ್ಟಿಗೆ ಸರಿಸಮ.

ವ್ಯತ್ಯಾಸ ಕಾಣುವುದು ವರ್ಷಗಳು ಕಳೆದ ಮೇಲೆ. ಇಂದು ಕೊಂಡ ಡೀಸೆಲ್ ಬಸ್ಸು ಹನ್ನೆರಡು ವರ್ಷವೂ ಅಷ್ಟೇ ಇಂಗಾಲ ಉಗುಳುತ್ತದೆ; ಹಳತಾದಂತೆ ಹೆಚ್ಚೇ ಉಗುಳೀತು. ಎಲೆಕ್ಟ್ರಿಕ್ ಬಸ್ಸನ್ನು ಮುಟ್ಟದೆಯೇ ಅದರ ಲೆಕ್ಕ ಸುಧಾರಿಸುತ್ತ ಹೋಗುತ್ತದೆ, ಜಾಲಕ್ಕೆ ಸೇರುವ ಒಂದೊಂದು ಸೌರಫಲಕದ ಜೊತೆಗೂ. ಕರ್ನಾಟಕಕ್ಕೆ ಇದರಲ್ಲಿ ಒಳ್ಳೆಯ ಬಂಡವಾಳವಿದೆ: ಶರಾವತಿಯ ಜಲವಿದ್ಯುತ್, ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳು, ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್. ಆದರೆ ಸೂರ್ಯ ಕೊಡುವುದು ಹಗಲಲ್ಲಿ, ಬಸ್ಸು ಡಿಪೊದಲ್ಲಿ ನಿಂತು ಚಾರ್ಜ್ ಆಗುವುದು ಬಹುಪಾಲು ರಾತ್ರಿಯಲ್ಲಿ. ಬೆಳಗಿನ, ಸಂಜೆಯ ನೂಕುನುಗ್ಗಲಿನ ನಡುವೆ ಮಧ್ಯಾಹ್ನ ಹನ್ನೊಂದರಿಂದ ಮೂರರವರೆಗೆ ಸರದಿಯಂತೆ ಬಸ್ಸುಗಳಿಗೆ ಚಾರ್ಜಿಂಗ್ ಗನ್ ಚುಚ್ಚಬಹುದು. ಅದಕ್ಕೆ ಟರ್ಮಿನಲ್‌ಗಳಲ್ಲಿ ಜಾಗ ಬೇಕು, ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು, ವೇಗದ ಚಾರ್ಜರ್ ಬೇಕು. ಸಾರ್ವಜನಿಕ ಹಣ ಬಸ್ಸಿನ ಮೇಲಷ್ಟೇ ಅಲ್ಲ, ಇಂಥ ಕಣ್ಣಿಗೆ ಬೀಳದ ಕಬ್ಬಿಣ, ತಾಮ್ರದ ಮೇಲೂ ಸುರಿಯಬೇಕಾಗುತ್ತದೆ.

ಬೀದಿಯ ಗಾಳಿಯ ಮಟ್ಟಿಗೆ ಮಾತ್ರ ಯಾವ ಅನುಮಾನವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ವಾಹನಗಳು ಹೊಗೆಯನ್ನು ಬಹಳ ಶೋಧಿಸುತ್ತವೆ, ನಿಜ. ಆದರೂ ಹಳೆಯ ಬಸ್ಸುಗಳು ರಸ್ತೆಯಲ್ಲಿವೆ, ಮತ್ತು ಅವುಗಳ ಕೊಳವೆ ತೆರೆದುಕೊಳ್ಳುವುದು ಸ್ಟಾಪಿನಲ್ಲಿ ನಿಂತ ಜನರ ಪಕ್ಕದಲ್ಲೇ. ಆ ಮಸಿಯ ಕಣಗಳು ಕೂದಲೆಳೆಯ ದಪ್ಪದ ಹತ್ತಾರರಲ್ಲಿ ಒಂದು ಪಾಲಿಗಿಂತಲೂ ಸಣ್ಣವು. ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ದೂರದ ಸ್ಥಾವರದ ಎತ್ತರದ ಚಿಮಣಿಗೂ ಮಗುವಿನ ಮುಖದ ಮಟ್ಟದಲ್ಲಿರುವ ಸೈಲೆನ್ಸರ್‌ಗೂ ಇರುವ ಅಂತರವೇ ಇಲ್ಲಿ ಮುಖ್ಯ.

ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಬಸ್ಸಿನ ಮೊದಲ ಪ್ರಯೋಗ ನಡೆದದ್ದು 2014ರಲ್ಲಿ. ಜನ ಮೆಚ್ಚಿದರು, ಬೆಲೆ ಕೇಳಿ ವಿಷಯ ಅಲ್ಲಿಗೇ ನಿಂತಿತು. ಇಂದಿಗೂ ಎಲೆಕ್ಟ್ರಿಕ್ ಬಸ್ಸಿನ ಬೆಲೆ ಡೀಸೆಲ್ ಬಸ್ಸಿನ ಎರಡು–ಮೂರು ಪಟ್ಟು. ಓಡಿಸುವ ಖರ್ಚು ಇದಕ್ಕೆ ತದ್ವಿರುದ್ಧ. ದಿನಕ್ಕೆ 200 ಕಿ.ಮೀ. ಓಡುವ ಡೀಸೆಲ್ ಬಸ್ಸಿಗೆ 50 ಲೀಟರ್, ಲೀಟರ್‌ಗೆ 90 ರೂಪಾಯಿಯಂತೆ 4,500 ರೂಪಾಯಿ. ಎಲೆಕ್ಟ್ರಿಕ್ ಬಸ್ಸಿಗೆ 240 ಯೂನಿಟ್, ಯೂನಿಟ್‌ಗೆ 7 ರೂಪಾಯಿ ಎಂದಿಟ್ಟುಕೊಂಡರೂ 1,700 ರೂಪಾಯಿ ದಾಟದು. ವರ್ಷಕ್ಕೆ ಒಂದು ಬಸ್ಸಿನಿಂದ ಹತ್ತು ಲಕ್ಷ ರೂಪಾಯಿಯ ಉಳಿತಾಯ. ಅಂದರೆ ಹನ್ನೆರಡು ವರ್ಷ ಇಂಧನದಲ್ಲಿ ಉಳಿಯುವ ದುಡ್ಡನ್ನು ಬಸ್ಸಿನ ಬೆಲೆಯಾಗಿ ಮೊದಲ ದಿನವೇ ಕೊಟ್ಟುಬಿಟ್ಟಂತೆ. ಟಿಕೆಟ್ ಹಣದಲ್ಲಿ ಸಂಬಳ, ಡೀಸೆಲ್ ತೂಗಿಸುವ ಸಾರಿಗೆ ನಿಗಮ ಅಷ್ಟು ದೊಡ್ಡ ಗಂಟನ್ನು ಎಲ್ಲಿಂದ ತರಬೇಕು?

ಕೇಂದ್ರ ಸರ್ಕಾರ ಇದಕ್ಕೆ ಕೊಟ್ಟ ಉತ್ತರ ಐದಾರು ವರ್ಷಗಳಲ್ಲಿ ಬದಲಾದ ಬಗೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. 2019ರಲ್ಲಿ ಆರಂಭವಾದ ಫೇಮ್-2 ಯೋಜನೆ ಬ್ಯಾಟರಿಯ ಗಾತ್ರ ನೋಡಿ ಸಹಾಯಧನ ಕೊಟ್ಟಿತು: ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ 20,000 ರೂಪಾಯಿ, ಒಂದು ಮಿತಿಯೊಳಗೆ. ಆಮೇಲೆ ಬೆಂಗಳೂರು, ದೆಹಲಿ, ಕೋಲ್ಕತ್ತ, ಹೈದರಾಬಾದ್, ಸೂರತ್ ಸೇರಿ 5,450 ಬಸ್ಸುಗಳಿಗೆ ಒಂದೇ ಟೆಂಡರ್ ಕರೆದಾಗ, 2022ರಲ್ಲಿ, ದರಗಳು ದಿಢೀರನೆ ಇಳಿದವು. 12 ಮೀಟರ್ ಬಸ್ಸಿನ ದರ ಕಿ.ಮೀ.ಗೆ ಸುಮಾರು ನಲವತ್ಮೂರೂವರೆ ರೂಪಾಯಿಗೆ ಬಂತು. ಇಂಥ ಗುತ್ತಿಗೆಯಲ್ಲಿ ನಿಗಮ ಬಸ್ಸು ಕೊಳ್ಳುವುದಿಲ್ಲ. ಬಸ್ಸು, ಡ್ರೈವರ್, ರಿಪೇರಿ ಕಂಪನಿಯವು, ಕಂಡಕ್ಟರ್, ಮಾರ್ಗ, ಟಿಕೆಟ್ ಹಣ ನಿಗಮದವು, ಓಡಿದ ಕಿ.ಮೀ. ಲೆಕ್ಕದಲ್ಲಿ ಪಾವತಿ. 2023ರ ಆಗಸ್ಟ್‌ನಲ್ಲಿ ಬಂದ ಪಿಎಂ ಇ-ಬಸ್ ಸೇವಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಟ್ಟು ಅಂದಾಜು 57,613 ಕೋಟಿ ರೂಪಾಯಿ, ಅದರಲ್ಲಿ ಕೇಂದ್ರದ್ದು 20,000 ಕೋಟಿ; ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡದ ಅಳತೆಯ ನಗರಗಳಿಗಾಗಿ 10,000 ಬಸ್ಸು. 12 ಮೀಟರ್ ಬಸ್ಸು ಓಡಿದ ಪ್ರತಿ ಕಿ.ಮೀ.ಗೆ 24 ರೂಪಾಯಿಯಂತೆ ಹತ್ತು ವರ್ಷ ಕೇಂದ್ರದ ನೆರವು. ಡಿಪೊದಲ್ಲಿ ನಿಂತ ಬಸ್ಸಿಗೆ ಹಣವಿಲ್ಲ, ರಸ್ತೆಗಿಳಿದ ಬಸ್ಸಿಗೆ ಹಣ. ನಿಗಮಗಳು ಬಾಕಿ ಉಳಿಸಿಕೊಂಡಾವು ಎಂಬ ಭಯದಿಂದ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತಿದ್ದವು. 2024ರಲ್ಲಿ 3,435 ಕೋಟಿ ರೂಪಾಯಿಯ ಪಾವತಿ ಭದ್ರತಾ ನಿಧಿ ಬಂದದ್ದು ಅದಕ್ಕೇ.

ಬಸ್ಸಿಗೆ ಕೊಡುವ ದುಡ್ಡನ್ನು ಹೀಗೆ ಓಡಾಟಕ್ಕೆ ಕಟ್ಟಿಹಾಕಿದ್ದು ಸರಿ ಎನ್ನುವುದಕ್ಕೆ ಗಣಿತದ ಆಧಾರವಿದೆ. ಮೇಲೆ ಕಿ.ಮೀ.ಗೆ ಲೆಕ್ಕ ಹಾಕಿದ 670 ಗ್ರಾಂ ಕಾರ್ಬನ್ ಡೈ ಆಕ್ಸೈಡನ್ನೇ 60 ಪ್ರಯಾಣಿಕರಿಗೆ ಹಂಚಿ ನೋಡಿ: ತಲೆಗೆ 11 ಗ್ರಾಂ. ಲೀಟರ್‌ಗೆ 45 ಕಿ.ಮೀ. ಕೊಡುವ ಸ್ಕೂಟರಿನಲ್ಲಿ ಒಬ್ಬರೇ ಹೋದರೆ ಸುಮಾರು 50 ಗ್ರಾಂ, ಕಾರಿನಲ್ಲಿ ಒಬ್ಬರೇ ಹೋದರೆ ಹತ್ತಿರ ಹತ್ತಿರ 200. ಸ್ಕೂಟರಿನವರು ಡೀಸೆಲ್ ಬಸ್ಸನ್ನೇ ಹತ್ತಿದರೂ ಆಗುವ ಲಾಭ, ಡೀಸೆಲ್ ಬಸ್ಸನ್ನು ಎಲೆಕ್ಟ್ರಿಕ್ ಮಾಡುವುದರಿಂದ ಆಗುವ ಲಾಭಕ್ಕಿಂತ ದೊಡ್ಡದು. ಅವರೇಕೆ ಹತ್ತುತ್ತಿಲ್ಲ? ಕಾಯಬೇಕು, ಅದಕ್ಕೇ. ಬಸ್ಸಿನೊಳಗೆ ಕಳೆದ ಹತ್ತು ನಿಮಿಷಕ್ಕಿಂತ ಸ್ಟಾಪಿನಲ್ಲಿ ಕಳೆದ ಹತ್ತು ನಿಮಿಷ ಎರಡು ಪಟ್ಟು ಭಾರವಾಗಿರುತ್ತದೆ ಎಂದು ಸಾರಿಗೆ ತಜ್ಞರು ಲೆಕ್ಕ ಹಿಡಿಯುತ್ತಾರೆ. ಬಿಸಿಲಲ್ಲಿ, ಸೂರಿಲ್ಲದ ಸ್ಟಾಪಿನಲ್ಲಿ ನಿಂತವರಿಗೆ ಅದೂ ಕಡಿಮೆಯೆನಿಸೀತು.

ಅರ್ಧ ಗಂಟೆ ಬಸ್ಸೇ ಇಲ್ಲ, ಬಂದರೆ ಮೂರು ಒಟ್ಟಿಗೆ. ಈ ಅನುಭವ ಯಾರಿಗಿಲ್ಲ? ಡ್ರೈವರ್‌ಗಳ ಅಶಿಸ್ತು ಎಂದು ನಾವು ಬೈಯುತ್ತೇವೆ. ಗಾರ್ಡನ್ ನ್ಯೂವೆಲ್ ಮತ್ತು ರೆನ್‌ಫ್ರೀ ಪಾಟ್ಸ್ ಎಂಬ ಗಣಿತಜ್ಞರು 1964ರಲ್ಲೇ ಇದರ ಒಳಗುಟ್ಟನ್ನು ಬಿಡಿಸಿದರು. ಒಂದು ಬಸ್ಸು ಸಿಗ್ನಲ್‌ನಲ್ಲಿ ಸಿಕ್ಕಿ ಎರಡು ನಿಮಿಷ ತಡವಾಯಿತೆನ್ನಿ. ಮುಂದಿನ ಸ್ಟಾಪಿನಲ್ಲಿ ಅಷ್ಟರಲ್ಲಿ ಇನ್ನೂ ನಾಲ್ಕು ಜನ ಸೇರಿರುತ್ತಾರೆ. ಅವರನ್ನು ಹತ್ತಿಸುವುದರಲ್ಲಿ ಇನ್ನಷ್ಟು ತಡ. ಅದರ ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬೇಗ ಬಂದು ಮುಂದಿನದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ತಾನಾಗಿ ಸರಿಹೋಗುವ ತಡವಲ್ಲ ಇದು, ತಾನಾಗಿ ಬೆಳೆಯುವ ತಡ. ಅರ್ಧ ಗಂಟೆಗೆ ಮೂರು ಬಸ್ಸು ಸಮನಾಗಿ ಬಂದರೆ ಸರಾಸರಿ ಕಾಯುವ ಹೊತ್ತು ಐದು ನಿಮಿಷ. ಅದೇ ಮೂರು ಒಟ್ಟಿಗೆ ಬಂದರೆ ಹದಿನೈದು. ಬಸ್ಸೂ ಅಷ್ಟೇ, ಖರ್ಚೂ ಅಷ್ಟೇ. ಬಸ್ಸಿಗೆಂದೇ ಬಿಟ್ಟ ಪಥ ಈ ತಡದ ಬೇರನ್ನೇ ಕತ್ತರಿಸುತ್ತದೆ. 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಬೊಲಾರ್ಡ್ ನೆಟ್ಟು ಅಂಥ ಪಥ ಮಾಡಿದ್ದರು. ಮೆಟ್ರೊ ಕಾಮಗಾರಿ ಬಂದಾಗ ಅದು ಹೋಯಿತು. ಮೆಟ್ರೊ ಕೆಲಸ ಮುಗಿದ ಕಡೆಯೆಲ್ಲ ಅದನ್ನು ಮರಳಿ ತರಬೇಕು. ಕೋಟಿಗಳ ಖರ್ಚಿಲ್ಲದೆ ಬಸ್ಸುಗಳ ಸಂಖ್ಯೆಯನ್ನು ಹೆಚ್ಚಿಸಿದಷ್ಟೇ ಫಲ ಕೊಡುವ ಕೆಲಸ ಅದು.

ಅಮೆರಿಕದ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಮೊಹ್ರಿಂಗ್ 1972ರಲ್ಲಿ ಇನ್ನೊಂದು ವಿಚಾರ ತೋರಿಸಿಕೊಟ್ಟ. ರಸ್ತೆಗೆ ಹೊಸದೊಂದು ಕಾರು ಇಳಿದರೆ ಮಿಕ್ಕೆಲ್ಲರಿಗೂ ಒಂದಿಷ್ಟು ತಡ. ಬಸ್ ಮಾರ್ಗಕ್ಕೆ ಹೊಸ ಪ್ರಯಾಣಿಕರು ಸೇರಿದರೆ, ಅವರಿಗಾಗಿ ಟ್ರಿಪ್‌ಗಳನ್ನು ಹೆಚ್ಚಿಸಿದರೆ, ಹಳೆಯ ಪ್ರಯಾಣಿಕರೆಲ್ಲರ ಕಾಯುವ ಹೊತ್ತು ಇಳಿಯುತ್ತದೆ. ಈ ಲಾಭ ಯಾರ ಟಿಕೆಟ್‌ನಲ್ಲೂ ಮುದ್ರಣವಾಗುವುದಿಲ್ಲ. ಆದ್ದರಿಂದ ಟಿಕೆಟ್ ಹಣದಿಂದಲೇ ಬಸ್ಸು ನಡೆಯಬೇಕೆಂದು ಹಟ ಹಿಡಿದರೆ ಬಸ್ಸುಗಳು ಅಗತ್ಯಕ್ಕಿಂತ ಕಡಿಮೆಯೇ ಆಗುತ್ತವೆ. ಸಾರಿಗೆ ನಿಗಮದ ಬಗ್ಗೆ ನಷ್ಟ ಎಂಬ ಮಾತನ್ನು ಕೇಳಿದಾಗಲೆಲ್ಲ ಈ ಲೆಕ್ಕವನ್ನೂ ಪಕ್ಕದಲ್ಲಿಡಬೇಕು. 2023ರ ಜೂನ್ 11ರಿಂದ ಮಹಿಳೆಯರ ಟಿಕೆಟ್ ಹಣವನ್ನು ಶಕ್ತಿ ಯೋಜನೆಯಡಿ ರಾಜ್ಯ ಸರ್ಕಾರ ಭರಿಸುತ್ತಿದೆ, ಬಸ್ಸುಗಳು ತುಂಬಿವೆ. ಮೊಹ್ರಿಂಗ್ ಹೇಳಿದ ಲಾಭ ಪೂರ್ತಿ ಸಿಗಬೇಕಾದರೆ ಜನ ಹೆಚ್ಚಿದ ಮಾರ್ಗದಲ್ಲಿ ಟ್ರಿಪ್‌ಗಳೂ ಹೆಚ್ಚಬೇಕು.

ರೈಲಿನ ಜಾಗ ಬೇರೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗಿನ ತಡೆ ಟೈರಿನದಕ್ಕಿಂತ ಹಲವು ಪಟ್ಟು ಕಡಿಮೆ, ಆರು ಬೋಗಿಯ ಒಂದು ರೈಲು 1,500ಕ್ಕೂ ಹೆಚ್ಚು ಜನರನ್ನು ಒಯ್ಯಬಲ್ಲದು. ನಾಲ್ಕು ನಿಮಿಷಕ್ಕೊಂದರಂತೆ ಬಂದರೆ ಗಂಟೆಗೆ ಒಂದು ದಿಕ್ಕಿನಲ್ಲಿ ಇಪ್ಪತ್ತೆರಡು ಸಾವಿರ. ಯಾವ ಬಸ್ಸಿನ ಸಾಲೂ ಒಂದೇ ರಸ್ತೆಯಲ್ಲಿ ಇದನ್ನು ಸುಲಭವಾಗಿ ಮಾಡಲಾರದು. 2020ರಲ್ಲಿ ಮಂಜೂರಾದ ಬೆಂಗಳೂರು ಉಪನಗರ ರೈಲು 148 ಕಿ.ಮೀ.ಗೆ 15,767 ಕೋಟಿ ರೂಪಾಯಿ, ಅಂದರೆ ಕಿ.ಮೀ.ಗೆ ಸುಮಾರು 106 ಕೋಟಿ. ಹೆಚ್ಚಿನ ಭಾಗ ಈಗಿರುವ ರೈಲ್ವೆ ಹಳಿಯ ಮಗ್ಗುಲಲ್ಲೇ ಸಾಗುವುದರಿಂದ ಅಷ್ಟು ಅಗ್ಗ. ಅದು ಇಷ್ಟು ನಿಧಾನವಾಗಿ ಸಾಗುತ್ತಿರುವುದು ನೋವಿನ ಸಂಗತಿ. 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ನಮ್ಮ ಮೆಟ್ರೊ ಮೂರನೇ ಹಂತ 44.65 ಕಿ.ಮೀ.ಗೆ 15,611 ಕೋಟಿ, ಕಿ.ಮೀ.ಗೆ ಸುಮಾರು 350 ಕೋಟಿ.

ಆ ಹಂತದಲ್ಲಿ, ಜೆ.ಪಿ. ನಗರದಿಂದ ಕೆಂಪಾಪುರಕ್ಕೆ ಮತ್ತು ಹೊಸಹಳ್ಳಿಯಿಂದ ಕಡಬಗೆರೆಗೆ, ಒಟ್ಟು 31 ನಿಲ್ದಾಣಗಳು. ಒಂದೊಂದರಿಂದಲೂ ಸುತ್ತಲಿನ ಬಡಾವಣೆಗಳಿಗೆ ನಾಲ್ಕು ಫೀಡರ್ ಮಾರ್ಗ, ಮಾರ್ಗಕ್ಕೆ ಐದು ಎಲೆಕ್ಟ್ರಿಕ್ ಬಸ್ಸು ಎಂದಿಟ್ಟುಕೊಳ್ಳೋಣ. ಹೋಗಿ ಬರಲು 40 ನಿಮಿಷವಾದರೆ ಎಂಟು ನಿಮಿಷಕ್ಕೊಂದು ಬಸ್ಸು ಸಿಗುತ್ತದೆ. ಒಟ್ಟು 620 ಬಸ್ಸು. ಕಂಡಕ್ಟರ್, ವಿದ್ಯುತ್ ಎಲ್ಲ ಸೇರಿ ಕಿ.ಮೀ.ಗೆ 75 ರೂಪಾಯಿ, ದಿನಕ್ಕೆ 200 ಕಿ.ಮೀ. ಎಂದು ಧಾರಾಳವಾಗಿಯೇ ಹಿಡಿದರೂ ವರ್ಷಕ್ಕೆ ಸುಮಾರು 340 ಕೋಟಿ ರೂಪಾಯಿ, ಹೆಚ್ಚುಕಡಿಮೆ ಒಂದು ಕಿ.ಮೀ. ಮೆಟ್ರೊ ಕಟ್ಟುವ ಹಣ. ಟಿಕೆಟ್‌ನಿಂದ ಬರುವುದನ್ನು ಅದರಲ್ಲಿ ಕಳೆದಿಲ್ಲ. ಈ ಬಾಬ್ತನ್ನು, ಅದಕ್ಕೆ ಬೇಕಾದ ಡಿಪೊ ಜಾಗವನ್ನು, ನಿಲ್ದಾಣದ ಬಾಗಿಲಿಗೇ ಬಂದು ನಿಲ್ಲುವ ಬಸ್ ಬೇಯನ್ನು ಮೆಟ್ರೊ ಮಾರ್ಗಗಳ ಅಂದಾಜು ಪಟ್ಟಿಯಲ್ಲೇ ಒಂದು ಸಾಲಾಗಿ ಬರೆದು ಮಂಜೂರು ಮಾಡಬೇಕು. ಕಂಬಗಳು ಏಳುವ ಮೊದಲೇ ಅದಕ್ಕೆ ಸಮಯವಿದೆ.